ಸೀಟು ಸಿಕ್ಕ ಮೇಲೆ ಹೆದರಿದವಳು: ಒಂದು ಆಪ್ತಸಲಹೆ ಪ್ರಕರಣ

ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಆಪ್ತಸಲಹೆಗೆ ಬರುವವರೆಲ್ಲ ರ‍್ಯಾಂಕ್ ಕೈಕೊಟ್ಟು ನೊಂದವರೇ ಇರಬೇಕೆಂದು ಅನೇಕರು ಭಾವಿಸುತ್ತಾರೆ. ಬಯಸಿದ ಸೀಟೇ ಸಿಕ್ಕಿ, ಅದರ ನಂತರ ನಿದ್ದೆಗೆಟ್ಟು ಬರುವ ಮಕ್ಕಳೂ ಉಡುಪಿಯ ನಮ್ಮ ಕೇಂದ್ರಕ್ಕೆ ಪ್ರತಿ ವರ್ಷ ಬರುತ್ತಾರೆ. ಅಂಥ ಒಬ್ಬ ವಿದ್ಯಾರ್ಥಿನಿಯ ವಿಚಾರವನ್ನು, ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿನಿ ಬೈಂದೂರು ಕಡೆಯ ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಪೇಟೆಯ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಸೇರಿದ್ದಳು. ತಂದೆ ಬೆಂಗಳೂರಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ಊರಿನ ಮನೆಯಲ್ಲಿ ತಾಯಿ, ಅಜ್ಜಿ ಮತ್ತು ತಮ್ಮ. ಮಂಗಳೂರಿನ ಹೊರವಲಯದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸೇರಿದ ಒಂದು ಕಾಲೇಜಿನಲ್ಲಿ ಅವಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ಆ ಮನೆತನದಲ್ಲಿ ಎಂಜಿನಿಯರಿಂಗ್ ಓದಲು ಹೊರಟವಳು ಇವಳೇ ಮೊದಲು.

ಮೊದಲ ಭೇಟಿಯಲ್ಲಿ ಮಾತಾಡಿದವರು ತಾಯಿ. "ಸೀಟು ಸಿಕ್ಕಿದ ದಿನ ಊರಿಗೆಲ್ಲ ಪಾಯಸ ಹಂಚಿದ್ದು ಮೇಡಂ. ಈಗ ಕಂಡ್ರೆ ಇವಳು ಸರಿಯಾಗಿ ಊಟ ಮಾಡುದಿಲ್ಲ, ರಾತ್ರಿ ಎರಡು ಗಂಟೆವರೆಗೂ ಮೊಬೈಲ್ ಹಿಡ್ಕೊಂಡು ಕೂತಿರ‍್ತಾಳೆ. ಕೇಳಿದ್ರೆ ಓದುದು ಅಂತಾಳೆ" ಎಂದರು. ಮಗಳು ಮೊಬೈಲಿನಲ್ಲಿ ನಿಜಕ್ಕೂ ಓದುತ್ತಿದ್ದಳು. ಸಿ, ಜಾವಾ, ಪೈಥಾನ್ ಎಂದು ಮೂರು ಆನ್‌ಲೈನ್ ಕೋರ್ಸ್‌ಗಳನ್ನು ಒಟ್ಟಿಗೆ ಶುರುಮಾಡಿ ಮೂರನ್ನೂ ಅರ್ಧಕ್ಕೆ ಬಿಟ್ಟಿದ್ದಳು. ಕಾಲೇಜು ಸೇರುವ ಮೊದಲೇ ಕೋಡಿಂಗ್ ಬಾರದಿದ್ದರೆ ಪ್ಲೇಸ್‌ಮೆಂಟ್ ಆಗುವುದಿಲ್ಲವೆಂದು ಹೆದರಿಸುವ ವಿಡಿಯೊಗಳನ್ನು ಒಂದರ ಹಿಂದೆ ಒಂದು ನೋಡುತ್ತಿದ್ದಳು. ಅವಳ ಪಟ್ಟಿಪುಸ್ತಕದಲ್ಲಿ ದಿನಕ್ಕೆ ಹನ್ನೆರಡು ಗಂಟೆಗಳ ವೇಳಾಪಟ್ಟಿ ಇತ್ತು. ಅದರಲ್ಲಿ ಊಟಕ್ಕೆ ಹೊತ್ತು ಇರಲಿಲ್ಲ.

ತಾಯಿಯನ್ನು ಹೊರಗೆ ಕುಳಿತಿರಲು ಹೇಳಿ, ಮೊದಲು ಕೇಳಲೇಬೇಕಾದ ಪ್ರಶ್ನೆಗಳನ್ನು ನೇರವಾಗಿ ಕೇಳಿದೆ. ಬದುಕು ಬೇಡವೆನಿಸಿದೆಯೇ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಕೇಳುವುದರಿಂದ ಆ ಯೋಚನೆ ಮೂಡುತ್ತದೆಂಬ ಭಯ ಪಾಲಕರಲ್ಲಿದೆ. ಅದು ತಪ್ಪು ತಿಳಿವಳಿಕೆ. ಕೇಳದೆ ಬಿಡುವುದೇ ಅಪಾಯ. ಇವಳಿಗೆ ಅಂಥ ಯೋಚನೆ ಬಂದಿರಲಿಲ್ಲ. ಆದರೂ ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಉಳಿಸಿಕೊಳ್ಳಲು ಹೇಳಿದೆ. ಕನ್ನಡದಲ್ಲಿ ಮಾತಾಡಬಹುದು ಎಂದಾಗ ತಾಯಿಗೆ ಧೈರ್ಯ ಬಂತು.

ಕೋಡಿಂಗ್ ಭಯದ ಅಡಿಯಲ್ಲಿ ಬೇರೊಂದು ನೋವು ಇತ್ತು. ಪ್ರಥಮ ಪಿಯುಸಿಯಲ್ಲಿ ಒಮ್ಮೆ ಎದ್ದು ನಿಂತು ಇಂಗ್ಲಿಷಿನಲ್ಲಿ ಸಂದೇಹ ಕೇಳಿದಾಗ ಹಿಂದಿನ ಬೆಂಚಿನವರು ನಕ್ಕಿದ್ದರು. ನಂತರ ಕನ್ನಡದಲ್ಲಿ ಕೇಳಿದರೆ ಅವಳ ಕುಂದಾಪುರದ ಮಾತಿಗೂ ನಕ್ಕರು. ಅಲ್ಲಿಂದ ಎರಡು ವರ್ಷ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಮನೆಯಲ್ಲಿ ಒಬ್ಬಳೇ ಗುದ್ದಾಡಿ ಕಲಿತಿದ್ದಳು. ಕೇಳದೆ ಗೆದ್ದು ಬಂದಿದ್ದರಿಂದ, ಮುಂದೆಯೂ ಯಾರನ್ನೂ ಕೇಳುವ ಪ್ರಸಂಗ ಬಾರದಂತೆ ಎಲ್ಲವನ್ನೂ ಮೊದಲೇ ಕಲಿತುಬಿಡಬೇಕೆಂದು ಹೊರಟಿದ್ದಳು. ಹನ್ನೆರಡು ಗಂಟೆಗಳ ವೇಳಾಪಟ್ಟಿ ಹುಟ್ಟಿದ್ದು ಅಲ್ಲಿಂದ.

ಅವಳಿಗೆ ಏನು ಗೊತ್ತಿದೆ ಎಂಬುದನ್ನು ಅವಳೇ ನೋಡಲಿ ಎಂದು ಕಾಗದ, ಪೆನ್ನು ಕೊಟ್ಟು, ಎರಡು ಫಂಕ್ಷನ್‌ಗಳ ಗುಣಲಬ್ಧವನ್ನು ಡಿಫರೆನ್ಶಿಯೇಟ್ ಮಾಡುವ ಸೂತ್ರ ಯಾಕೆ ಹಾಗಿದೆ, ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಹೇಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಆಯತ ಬರೆದಳು. ಒಂದು ಬದಿ ಮೊದಲ ಫಂಕ್ಷನ್, ಇನ್ನೊಂದು ಬದಿ ಎರಡನೆಯದು. ಎರಡೂ ಬದಿ ಒಂದಿಷ್ಟೇ ಬೆಳೆದರೆ ಆಯತಕ್ಕೆ ಎರಡು ಸಪೂರ ಪಟ್ಟಿಗಳು ಸೇರುತ್ತವೆ, ಆ ಎರಡು ಪಟ್ಟಿಗಳೇ ಸೂತ್ರದ ಎರಡು ಪದಗಳು, ಮೂಲೆಯಲ್ಲಿ ಉಳಿಯುವ ಚೂರು ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಎಂದು ಪೆನ್ನಿನ ತುದಿಯಿಂದ ತೋರಿಸಿದಳು. ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗಿಯಿಂದ ಈ ವಿವರಣೆ ಬರುವುದಿಲ್ಲ. ನಿನಗೆ ವಿಷಯ ಗೊತ್ತಿದೆ, ಅದನ್ನು ನಾಲ್ಕು ಜನರ ಮುಂದೆ ಹೇಳಲು ಅಳುಕು ಇದೆ, ಹಾಗಾಗಿ ನಮ್ಮ ತಯಾರಿ ಆ ಕಡೆ ತಿರುಗಬೇಕು ಎಂದು ಅವಳಿಗೆ ಹೇಳಿದೆ.

ಮೂರೂ ಕೋರ್ಸ್‌ಗಳನ್ನು ಸದ್ಯಕ್ಕೆ ಬದಿಗಿಡಲು ಸೂಚಿಸಿದೆ. ವಿಟಿಯುನಲ್ಲಿ ಮೊದಲ ವರ್ಷದವರನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಭಾಗ ಮಾಡುತ್ತಾರೆ; ಎರಡನೇ ಸೆಮಿಸ್ಟರ್‌ನಲ್ಲಿ ಇವು ಅದಲುಬದಲಾಗುತ್ತವೆ. ಅವಳಿಗೆ ಅನ್ವಯವಾಗಿದ್ದ 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ವಿಭಾಗದವರಿಗೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತಿದ್ದುದು ಫಿಸಿಕ್ಸ್ ಸೈಕಲ್‌ನಲ್ಲಿ. ಕೆಮಿಸ್ಟ್ರಿ ಸೈಕಲ್‌ನಿಂದ ಆರಂಭಿಸುವವರು ಅದನ್ನು ಎರಡನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದರು. ಯಾವ ಸೈಕಲ್ ಎಂದು ತಿಳಿಯುವ ಮೊದಲೇ ನಿದ್ದೆ ಬಿಟ್ಟು ಕೂರುವುದರಲ್ಲಿ ಅರ್ಥವಿಲ್ಲ. ಗಣಿತ ಮಾತ್ರ ಎರಡೂ ಸೈಕಲ್‌ನವರಿಗೆ ಮೊದಲ ದಿನದಿಂದಲೇ ಇರುತ್ತದೆ. ಆ ಪತ್ರಿಕೆಯಲ್ಲಿ ಕ್ಯಾಲ್ಕುಲಸ್, ಡಿಫರೆನ್ಶಿಯಲ್ ಸಮೀಕರಣಗಳು, ಲೀನಿಯರ್ ಆಲ್ಜಿಬ್ರಾ ಎಲ್ಲವೂ ದ್ವಿತೀಯ ಪಿಯುಸಿಯ ಡಿಫರೆನ್ಶಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಪಾಠಗಳ ಮೇಲೆಯೇ ನಿಂತಿವೆ. ಸಿಇಟಿ ಮುಗಿದ ಮೇಲೆ ತಿಂಗಳುಗಟ್ಟಲೆ ಒಂದೂ ಲೆಕ್ಕ ಮಾಡದ ಕೈ ಸೆಮಿಸ್ಟರ್‌ನ ಆರಂಭದಲ್ಲಿ ತಡವರಿಸುತ್ತದೆ. ಆದ್ದರಿಂದ ದಿನಕ್ಕೆ ಒಂದೂವರೆ ಗಂಟೆ ಪಿಯುಸಿ ಪುಸ್ತಕದ ಲೆಕ್ಕಗಳನ್ನು ಉತ್ತರ ನೋಡದೆ ಪೂರ್ತಿ ಬರೆದು ಮಾಡುವುದು, ಬಳಿಕ ಅದರಲ್ಲಿ ಒಂದನ್ನು ತಮ್ಮನ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ವಿವರಿಸುವುದು, ಕೊನೆಗೆ ಅದನ್ನೇ ಎರಡು ಮೂರು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು ಎಂದು ನಿಗದಿಪಡಿಸಿದೆವು. ಪರೀಕ್ಷೆಯ ಉತ್ತರಕ್ಕೆ ಬೇಕಾಗುವುದು ಸರಳವಾದ, ತಪ್ಪಿಲ್ಲದ ಸಣ್ಣ ವಾಕ್ಯ; ಪಟಪಟನೆ ಮಾತಾಡುವ ಇಂಗ್ಲಿಷ್ ಅಲ್ಲಿ ಯಾರೂ ಕೇಳುವುದಿಲ್ಲ.

ಕೋಡಿಂಗ್ ಪೂರ್ತಿ ಬಿಟ್ಟರೆ ಅವಳ ಆತಂಕ ಹೆಚ್ಚುತ್ತಿತ್ತು. ಅದಕ್ಕಾಗಿ ಕಂಪ್ಯೂಟರ್ ಇಲ್ಲದೆ ಮಾಡುವ ಒಂದು ಅಭ್ಯಾಸ ಕೊಟ್ಟೆ. ಒಂದರಿಂದ ಐದರವರೆಗಿನ ಸಂಖ್ಯೆಗಳನ್ನು ಕೂಡುವ ಚಿಕ್ಕ ಪ್ರೋಗ್ರಾಂ ಬರೆದು, ಪಕ್ಕದಲ್ಲಿ ಎರಡು ಸಾಲು ಎಳೆದು, ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ನಡೆಯುವ ಭಾಗವಾದ ಲೂಪ್ ಒಂದೊಂದು ಸುತ್ತು ತಿರುಗಿದಾಗ ಮೊತ್ತ 1, 3, 6, 10, 15 ಎಂದು ಹೇಗೆ ಬದಲಾಗುತ್ತದೆ ಎಂಬುದನ್ನು ಕೈಯಲ್ಲಿ ತುಂಬಿಸುವುದು. ದಿನಕ್ಕೆ ಒಂದು ಸಾಕು. ಅರವತ್ತು ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಈಗಲೇ ಬೇಕೆಂದು ಸಂಬಂಧಿಕರೊಬ್ಬರು ತಂದೆಗೆ ಹೇಳಿದ್ದರು. ಮೊದಲ ವರ್ಷದ ಸಿ ಪ್ರೋಗ್ರಾಂಗಳು ಯಾವ ಸಾಮಾನ್ಯ ಕಂಪ್ಯೂಟರಿನಲ್ಲೂ ಓಡುತ್ತವೆ, ಕಾಲೇಜಿನ ಲ್ಯಾಬ್ ನೋಡಿ ಆಮೇಲೆ ತೀರ್ಮಾನಿಸಿದರೆ ಸಾಕು ಎಂದು ತಂದೆಯೊಂದಿಗೆ ಫೋನಿನಲ್ಲಿ ಮಾತಾಡಿದೆ.

ಈ ಪ್ರಕರಣದಲ್ಲಿ ಹೆಚ್ಚು ಸಮಯ ಹಿಡಿದದ್ದು ವಾಸದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕರಾವಳಿಯ ಕುಟುಂಬಗಳು ಪಠ್ಯದಷ್ಟೇ ಗಂಭೀರವಾಗಿ ಯೋಚಿಸಬೇಕಾದ ವಿಷಯ ಇದು. ಉಡುಪಿಯಲ್ಲಿ ಸೋದರಮಾವನ ಮನೆ ಇದೆ, ಅಲ್ಲಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಲಿ, ಹುಡುಗಿ ಒಬ್ಬಳೇ ಹಾಸ್ಟೆಲ್‌ನಲ್ಲಿರುವುದು ಬೇಡ ಎಂಬುದು ಅಜ್ಜಿಯ ಮತ್ತು ತಾಯಿಯ ನಿಲುವು. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಎಕ್ಸ್‌ಪ್ರೆಸ್ ಬಸ್ ಇಳಿದು ಕಾಲೇಜಿನ ಕಡೆಗೆ ಇನ್ನೊಂದು ಬಸ್ ಹಿಡಿಯಬೇಕು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಅದೂ ಮಳೆಗಾಲದಲ್ಲಿ ನಿಂತುಕೊಂಡು. ಹಾಜರಾತಿ ಶೇಕಡಾ 85 ಇರಬೇಕೆಂಬುದು ವಿಟಿಯು ನಿಯಮ. 40 ಪೀರಿಯಡ್‌ಗಳಿರುವ ವಿಷಯದಲ್ಲಿ ಆರಕ್ಕಿಂತ ಹೆಚ್ಚು ತಪ್ಪಿದರೆ ಹಾಜರಾತಿ ಕೊರತೆಯಾಗುತ್ತದೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ ತೊಂದರೆಯಿಲ್ಲ. ಉಡುಪಿಯಲ್ಲಿ ರಜೆ ಇದ್ದು ದಕ್ಷಿಣ ಕನ್ನಡದಲ್ಲಿ ಇಲ್ಲದ ದಿನ, ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತ ದಿನ, ಮೊದಲ ಪೀರಿಯಡ್ ಹೋಗಿಯೇ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂದೇಹ ಕೇಳಲು ಅಳುಕುವ ಹುಡುಗಿಗೆ ಸಹಪಾಠಿಗಳ ಒಡನಾಟ ದೊರೆಯುವುದು ಸಂಜೆಯ ಹೊತ್ತಿನಲ್ಲಿ. ಆ ಹೊತ್ತು ಪೂರ್ತಿ ಬಸ್ಸಿನಲ್ಲಿ ಕಳೆದರೆ ಅವಳು ಮತ್ತೆ ಒಬ್ಬಳೇ ಗುದ್ದಾಡಬೇಕಾಗುತ್ತದೆ.

ಕುಟುಂಬದ ನಿರ್ಧಾರವನ್ನು ಆಪ್ತಸಲಹೆಗಾರ್ತಿ ತೆಗೆದುಕೊಳ್ಳಬಾರದು. ಈ ಲೆಕ್ಕವನ್ನು ತಾಯಿಯ ಮುಂದಿಟ್ಟು, ಮಗಳ ಅಭಿಪ್ರಾಯವನ್ನು ಅವಳ ಬಾಯಿಂದಲೇ ಹೇಳಿಸಿದೆ. ಖಾಸಗಿ ಹಾಸ್ಟೆಲ್‌ನ ಖರ್ಚು ಕೈಗೆಟುಕದು ಎಂಬುದು ನಿಜವಾದ ಅಡ್ಡಿಯಾಗಿದ್ದರಿಂದ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಲು ತಿಳಿಸಿದೆ. ಅದಕ್ಕೂ ವಿದ್ಯಾರ್ಥಿವೇತನಕ್ಕೂ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ತರಗತಿ ಆರಂಭವಾದ ಮೇಲೆ ಓಡಾಡುವ ಬದಲು ರಜೆಯಲ್ಲೇ ಇವನ್ನು ಸಿದ್ಧಮಾಡಿಕೊಳ್ಳಬೇಕು. ಭಾನುವಾರಗಳಂದು ಮಾವನ ಮನೆಗೆ ಬರಲಿ ಎಂಬ ಮಾತಿಗೆ ಅಜ್ಜಿಯೂ ಒಪ್ಪಿದರು.

ಅಂಕಗಳ ವಿಚಾರದಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಿದೆ. ಆ ಸ್ಕೀಮ್‌ನಲ್ಲಿ ಪ್ರತಿ ಪತ್ರಿಕೆಯ 100 ಅಂಕಗಳಲ್ಲಿ 50 ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ, 50 ಸೆಮಿಸ್ಟರ್ ಪರೀಕ್ಷೆಗೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಅರ್ಹತೆಯೇ ಇರುವುದಿಲ್ಲ. ಪಿಯುಸಿಯ ಹಾಗೆ ಕೊನೆಯ ಎರಡು ತಿಂಗಳು ಓದಿ ಪಾರಾಗುವ ದಾರಿ ಇಲ್ಲಿಲ್ಲ. ಹಾಗಾಗಿ ತರಗತಿ ಆರಂಭವಾದ ಮೊದಲ ವಾರದಲ್ಲೇ ಒಬ್ಬ ಅಧ್ಯಾಪಕರ ಬಳಿ ಹೋಗಿ ಒಂದು ಪ್ರಶ್ನೆ ಕೇಳಬೇಕು ಎಂಬ ಒಪ್ಪಂದ ಮಾಡಿಕೊಂಡೆವು. ಎದ್ದು ನಿಂತು ಕೇಳಬೇಕಾಗಿಲ್ಲ, ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ. ಎರಡನೆಯ ಮತ್ತು ಮೂರನೆಯ ಭೇಟಿಗಳಲ್ಲಿ ನಾನು ಅಧ್ಯಾಪಕಿಯಾಗಿ ಕುಳಿತು, ಅವಳು ಬಾಗಿಲಲ್ಲಿ ನಿಂತು ಒಳಗೆ ಬರಲು ಅನುಮತಿ ಕೇಳುವುದರಿಂದ ಹಿಡಿದು ಅಭ್ಯಾಸ ಮಾಡಿದೆವು. "ಯಾವ ಸಾಲಿನವರೆಗೆ ಅರ್ಥವಾಗಿದೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಎಲ್ಲಿ ತೊಡಕಾಗಿದೆ ಎಂದು ಕೇಳು" ಎಂದಿದ್ದೆ. ಹೀಗೆ ಕೇಳಿದರೆ ಕೇಳುವವಳ ಅಳುಕೂ ತಗ್ಗುತ್ತದೆ, ಉತ್ತರಿಸುವವರಿಗೂ ದಾರಿ ಸುಲಭವಾಗುತ್ತದೆ. ರಾತ್ರಿ ಹತ್ತೂವರೆಗೆ ಫೋನ್ ತಾಯಿಯ ಕೋಣೆಯಲ್ಲಿಡುವ ಪರಿಪಾಠವನ್ನು ಅವಳೇ ಸೂಚಿಸಿದಳು. ಮೂರನೆಯ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು.

ತಾಯಿಗೆ ಕೊಟ್ಟ ಸಲಹೆ ಚಿಕ್ಕದು. ಪ್ರತಿದಿನ ಫೋನ್ ಮಾಡಿ, ಆದರೆ ಅಂಕ ಕೇಳಬೇಡಿ. ಊಟ ಏನಾಯಿತು, ಇವತ್ತು ಯಾರ ಜೊತೆ ಕೂತಿದ್ದೆ ಎಂದು ಕೇಳಿ. ಸಾಲದ ಮಾತನ್ನು ಮಗಳ ಮುಂದೆ ದಿನಾ ತೆಗೆಯಬೇಡಿ ಎಂದು ತಂದೆಗೂ ತಿಳಿಸಿದೆ. ವಿದ್ಯಾಭ್ಯಾಸ ಸಾಲದ ಭಾರ ಅವಳಿಗೆ ಆಗಲೇ ಚೆನ್ನಾಗಿ ಗೊತ್ತಿತ್ತು.

ಅವಳಿಗೆ ಫಿಸಿಕ್ಸ್ ಸೈಕಲ್ ಬಂತು. ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಬಂದಾಗ ಗಣಿತದಲ್ಲಿ ಒಳ್ಳೆಯ ಅಂಕ, ಸಿ ಭಾಷೆಯಲ್ಲಿ ತಕ್ಕಮಟ್ಟಿಗೆ, ಫಿಸಿಕ್ಸ್‌ನಲ್ಲಿ ಕಡಿಮೆ ಬಂದಿತ್ತು. ಗಣಿತದ ಅಧ್ಯಾಪಕರ ಬಳಿ ಹಲವು ಸಲ ಹೋಗಿದ್ದಳು. ಫಿಸಿಕ್ಸ್ ಅಧ್ಯಾಪಕರು ಸ್ವಲ್ಪ ಬಿಗಿ ಸ್ವಭಾವದವರಾದ್ದರಿಂದ ಅಲ್ಲಿಗೆ ಹೋಗಲು ಇನ್ನೂ ಅಳುಕುತ್ತಿದ್ದಳು. ವಿದ್ಯಾರ್ಥಿನಿಲಯದ ಕೋಣೆಯ ಗೆಳತಿಯೂ ಅದೇ ವಿಷಯದಲ್ಲಿ ಹಿಂದೆ ಬಿದ್ದಿದ್ದಾಳೆಂದು ತಿಳಿದಾಗ, ಇಬ್ಬರೂ ಕೂಡಿ ಒಂದೇ ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಆ ವಾರವೇ ಅವರನ್ನು ಕಾಣಬೇಕೆಂದು ತೀರ್ಮಾನಿಸಿದೆವು. ಎರಡನೇ ಇಂಟರ್ನಲ್ಸ್ ಆದ ಬಳಿಕ ಮುಂದಿನ ಭೇಟಿ ಇದೆ.