ಐವತ್ತಾರು ಎಪಿಒ ಎಂಬ ಊರಿನವರಿಗೆ

ಪತ್ರದ ಸಾರ: ಬಾಗಲಕೋಟೆ ಕಡೆಯ ಈ ಓದುಗರು ಹವಾಲ್ದಾರರೊಬ್ಬರ ಪತ್ನಿ. ಗಂಡ ಮನೆಯವರನ್ನು ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗಿನಲ್ಲಿ, ಇವರು ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನ ಈಜಿಪುರದ ಬಾಡಿಗೆ ಮನೆಯಲ್ಲಿ. ಇಲ್ಲಿನ ಫ್ಯಾಮಿಲಿ ವೆಲ್‌ಫೇರ್ ಮೀಟಿಂಗುಗಳಲ್ಲಿ ಹೆಂಡತಿಯರನ್ನು ಗಂಡಂದಿರ ರ‍್ಯಾಂಕಿನ ಪ್ರಕಾರ ಕೂರಿಸುತ್ತಾರೆ, ಜವಾನರ ಹೆಂಡತಿಯರ ಪಾಲಿಗೆ ಸ್ವಾಗತ ನೃತ್ಯವಷ್ಟೇ, ಮಾತೆಲ್ಲ ಹಿಂದಿಯಲ್ಲಿ. ಇದನ್ನು ಬದಲಿಸಿ ಎಂದು ತಮ್ಮದೂ ಸೇರಿ ಮೂವತ್ತು ಮಂದಿಯ ಸಹಿ ಸಂಗ್ರಹಿಸಿದರು. ‘ಗಂಡನ ಪ್ರಮೋಶನ್ ನೆನಪಿರಲಿ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹನ್ನೊಂದು ಮಂದಿ ಹಿಂದೆ ಸರಿದರು. ‘ಕೇಳೋ ಹಕ್ಕು ನನಗೈತೋ ಇಲ್ಲೋ?’ ಎಂಬುದು ಅವರ ಪ್ರಶ್ನೆ. ನಮ್ಮ ಆಗಸ್ಟ್ ಸಂಚಿಕೆಯ ಮೇಲೂ ಒಂದು ದೂರಿದೆ: ‘ಗಂಡ ಸತ್ತ ಮ್ಯಾಲಷ್ಟ ನಮ್ಮ ಫೋಟೋ ಹಾಕ್ತೀರಿ.’

ಪ್ರಿಯ ಓದುಗರೇ,

ನಿಮ್ಮ ದೂರಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ನಿಜ. ಆಗಸ್ಟ್ ಸಂಚಿಕೆಯನ್ನು ಮತ್ತೆ ತೆಗೆದು ನೋಡಿದೆ. ಸೈನಿಕರ ಮನೆಯ ಹೆಂಗಸರ ಐದು ಫೋಟೋಗಳಿವೆ. ಐವರೂ ಗಂಡನನ್ನು ಕಳೆದುಕೊಂಡವರು. 2023ರ ಜನವರಿ 15ರಂದು ಸೇನಾ ದಿನದ ಪೆರೇಡ್ ಮೊದಲ ಸಲ ದೆಹಲಿ ಬಿಟ್ಟು ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿಗೆ ಬಂದಾಗಲೂ ಹೀಗೇ ಆಯಿತು. 1949ರಲ್ಲಿ ಅದೇ ದಿನ ನಮ್ಮ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾದರು ಎಂದು ಪುಟಗಟ್ಟಲೆ ಬರೆದೆವು. ಹಲಸೂರು ಕೆರೆಯ ಆಸುಪಾಸಿನ ಕ್ವಾರ್ಟರ್ಸುಗಳಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂದು ಕೇಳಿಕೊಂಡು ಬರಲು ಒಬ್ಬ ವರದಿಗಾರರನ್ನೂ ಕಳಿಸಲಿಲ್ಲ. ತಪ್ಪು ನನ್ನದು.

ನನಗೆ ಗೊತ್ತಿರಬೇಕಿತ್ತು. ನನ್ನ ಚಿಕ್ಕಮ್ಮ ಗದಗದ ಹತ್ತಿರದ ಹಳ್ಳಿಯಲ್ಲಿ ಸೈನಿಕನ ಹೆಂಡತಿಯಾಗಿ ಹದಿನೇಳು ವರ್ಷ ಕಳೆದವಳು. ಗಂಡನ ಇನ್‌ಲ್ಯಾಂಡ್ ಪತ್ರದ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ನಂಬರು, ಯೂನಿಟ್ಟು, ಕೇರಾಫ್ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್), ಅಷ್ಟೇ. ಸೈನ್ಯ ಎಲ್ಲಿದೆಯೆಂದು ಯಾರಿಗೂ ತಿಳಿಯದಿರಲಿ ಎಂದು ಮಾಡಿದ ಏರ್ಪಾಡು ಅದು. ಚಿಕ್ಕಮ್ಮ ಮಾತ್ರ ಐವತ್ತಾರು ಎಪಿಒ ಎನ್ನುವುದು ಕಾಶ್ಮೀರದ ಕಡೆಯ ಒಂದು ಊರೆಂದೇ ಬಹಳ ವರ್ಷ ನಂಬಿದ್ದಳು. ಅಲ್ಲಿ ಮಳೆ ಹೇಗೆ, ಜೋಳ ಬೆಳೆಯುತ್ತಾರೋ ಇಲ್ಲವೋ ಎಂದು ಕಾಗದದಲ್ಲಿ ಕೇಳಿಸುತ್ತಿದ್ದಳು. ಬರೆದುಕೊಡುತ್ತಿದ್ದವನು ಏಳನೇ ಕ್ಲಾಸಿನ ನಾನು. ಅತ್ತೆಮನೆಯಲ್ಲಿ ಅವಳು ಮಿಲಿಟರಿಯವನ ಹೆಂಡತಿ, ತವರಿನಲ್ಲಿ ಕೊಟ್ಟು ಕಳಿಸಿದ ಮಗಳು. ಅವಳದ್ದೆನ್ನುವ ಊರೊಂದಿದ್ದರೆ ಅದು ಆ ಎಪಿಒ. ಈಜಿಪುರದಲ್ಲಿ ಮನೆ ಮಾಲೀಕರು ‘ಹೆಂಗೂ ಎರಡು ವರ್ಷದಲ್ಲಿ ಹೋಗೋರು’ ಎಂದರೆಂದೂ, ಪಂಜಾಬಿನಲ್ಲಿ ಅಕ್ಷರ ಕಲಿತ ಮಗನಿಗೆ ಬಸ್ಸಿನ ಬೋರ್ಡು ಓದಲು ಬಾರದ್ದನ್ನು ಕಂಡು ನೆರೆಯವರು ‘ನೀವು ಕನ್ನಡದವರಾ?’ ಎಂದು ಕೇಳಿದರೆಂದೂ ನೀವು ಬರೆದದ್ದನ್ನು ಓದಿದಾಗ ನನಗೆ ಅವಳೇ ನೆನಪಾದಳು.

ಇನ್ನು ಹಕ್ಕಿನ ಮಾತು. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್ ಸಂಘ ಕಟ್ಟುವುದಕ್ಕೆ, ಸಭೆಗೆ ಹೋಗುವುದಕ್ಕೆ, ಪತ್ರಿಕೆಗೆ ಬರೆಯುವುದಕ್ಕೆ ಕಡಿವಾಣ ಹಾಕಲು ಅವಕಾಶ ಮಾಡಿದೆ. ನೀವು ನನಗೆ ಬರೆದ ಪತ್ರವನ್ನು ನಿಮ್ಮ ಯಜಮಾನರು ಬರೆಯುವಂತಿರಲಿಲ್ಲ. ಆ ಕಡಿವಾಣ ಅವರಿಗೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ನಿಮಗೆ ಅದು ತಾಗುವುದಿಲ್ಲ. ಸೇನೆಯ ಕಾಗದದಲ್ಲಿ ನೀವು ಡಿಪೆಂಡೆಂಟ್, ಅಂದರೆ ಗಂಡನ ಅವಲಂಬಿತೆ; ಸಂವಿಧಾನದ ಎದುರು ಪೂರ್ತಿ ನಾಗರಿಕಳು. ಸಹಿ ಸಂಗ್ರಹಿಸಬಹುದು, ಮನವಿ ಕೊಡಬಹುದು, ಪತ್ರಿಕೆಗೂ ಬರೆಯಬಹುದು. ಯೂನಿಟ್ಟಿನ ಹೆಸರು, ಜಾಗ, ಯಾರು ಯಾವಾಗ ಎಲ್ಲಿಗೆ ಹೊರಟರು ಎಂಬುದನ್ನು ಮಾತ್ರ ಎಲ್ಲೂ ಬರೆಯಬೇಡಿ. ನಿಮ್ಮ ಪತ್ರದಲ್ಲಿದ್ದ ಎರಡು ಸಾಲನ್ನು ನಾನೇ ಹೊಡೆದುಹಾಕಿದ್ದೇನೆ.

ಪ್ರಮೋಶನ್ನಿನ ಬೆದರಿಕೆ? ಹೆಂಡತಿಯ ಸಹಿಯ ಕಾರಣಕ್ಕೆ ಗಂಡನ ಬಡ್ತಿ ತಡೆಯಬಹುದೆಂದು ಯಾವ ನಿಯಮದಲ್ಲೂ ಇಲ್ಲ. ನಿಯಮದಲ್ಲಿ ಇಲ್ಲದ್ದೂ ನಡೆದೀತು ಎಂಬ ನಿಮ್ಮ ಭಯವನ್ನು ಸುಳ್ಳೆಂದು ತಳ್ಳಿಹಾಕಲಾರೆ. ಹಾಗೇನಾದರೂ ಆದರೆ ಅದೇ ಸೇನಾ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನಿಮ್ಮ ಯಜಮಾನರು ಮೇಲಿನವರಿಗೆ ದೂರು ಕೊಡಬಹುದು. ಹಿಂದೆ ಸರಿದ ಆ ಹನ್ನೊಂದು ಮಂದಿಯ ಮೇಲೆ ಮುನಿಸಿಕೊಳ್ಳಬೇಡಿ. ಊರಿಗೆ ಹಣ ಕಳಿಸಬೇಕಾದ ಮನೆಗಳವು.

ಕಮಾಂಡಿಂಗ್ ಆಫೀಸರರ ಪತ್ನಿಯ ಮೇಲಿನ ನಿಮ್ಮ ಸಿಟ್ಟಿಗೂ ಒಂದು ಮಾತು. ಈ ಮೀಟಿಂಗುಗಳ ಹಿಂದಿರುವುದು ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಶನ್ ಎಂಬ ಹೆಸರಿನಲ್ಲಿ 1966ರಲ್ಲಿ ನೋಂದಣಿಯಾದ, ಸೈನಿಕರ ಪತ್ನಿಯರ ಸೊಸೈಟಿ. ವಿಶೇಷ ಮಕ್ಕಳಿಗಾಗಿ ಅದು ನಡೆಸುವ ಆಶಾ ಶಾಲೆಗಳಿಂದ ಎಷ್ಟೋ ತಾಯಂದಿರು ಉಸಿರಾಡುವಂತಾಗಿದೆ. ಆದರೆ ಅದರ ಅಧ್ಯಕ್ಷೆ ಭೂಸೇನಾ ಮುಖ್ಯಸ್ಥರ ಪತ್ನಿ, ಕೆಳಗೆ ಯೂನಿಟ್ಟಿನ ತನಕ ಗಂಡನ ಹುದ್ದೆಯಂತೆ ಹೆಂಡತಿಯ ಕುರ್ಚಿ. ನಿಮ್ಮ ಸಿಒ ಮೇಡಂ ಕೂಡ ಆ ಕುರ್ಚಿಯನ್ನು ಕೇಳಿ ಪಡೆದವರಲ್ಲ. ಅದಕ್ಕೆ ಸಂಬಳವಿಲ್ಲ, ಬೇಡವೆನ್ನುವ ದಾರಿಯೂ ಅವರಿಗೆ ಸುಲಭವಿಲ್ಲ. ಅವರನ್ನು ಎದುರುಗಡೆ ನಿಲ್ಲಿಸುವ ಬದಲು ಮೊದಲು ಒಬ್ಬರೇ ಹೋಗಿ ಚಹಾ ಕುಡಿಯುತ್ತ ಮಾತಾಡಿ ನೋಡಿ. ಇದು ಅಂಜಿಕೆಯ ಸಲಹೆ ಎಂದು ನಿಮಗೆ ಅನಿಸಿದರೆ ಬರೆಯಿರಿ, ಜಗಳಕ್ಕೆ ನಾನು ಸಿದ್ಧ.

ಕೇಳಿದ್ದರಿಂದ ಏನಾದರೂ ಆಗಿದೆಯೇ ಎಂದು ಕೇಳಿದ್ದೀರಿ. ಆಗಿದೆ. ಅಮೆರಿಕದಲ್ಲಿ 1969ರಲ್ಲಿ ಸೈನಿಕರ ಹೆಂಡತಿಯರು, ವಿಧವೆಯರು ಸೇರಿ ಸಂಘ ಕಟ್ಟಿದರು. ನಿವೃತ್ತ ಸೈನಿಕ ತೀರಿಕೊಂಡರೆ ಪಿಂಚಣಿಯ ಪಾಲು ಹೆಂಡತಿಗೆ ಸಿಗುವ ವ್ಯವಸ್ಥೆಗಾಗಿ ಪಟ್ಟು ಹಿಡಿದರು. 1972ರಲ್ಲಿ ಕಾನೂನಾಯಿತು. ಅದೇ 1972ರಲ್ಲಿ, ಬಾಂಗ್ಲಾ ಯುದ್ಧ ಮುಗಿದ ಬೆನ್ನಿಗೆ, ಮೋಹಿನಿ ಗಿರಿಯವರು ದೆಹಲಿಯಲ್ಲಿ ಯುದ್ಧವಿಧವೆಯರ ಸಂಘ ಶುರುಮಾಡಿದರು. ಎಲ್ಲವೂ ಅಷ್ಟು ಬೇಗ ಆಗಲಿಲ್ಲ. ಶೌರ್ಯ ಪ್ರಶಸ್ತಿ ಪಡೆದ ಸೈನಿಕ ತೀರಿಕೊಂಡರೆ ಪ್ರಶಸ್ತಿಯ ಮಾಸಿಕ ಭತ್ಯೆ ಹೆಂಡತಿಗೆ ಬರುತ್ತದೆ. ಆಕೆ ಮರುಮದುವೆಯಾದರೆ ಅದು ನಿಂತುಹೋಗುತ್ತಿತ್ತು. ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಯೋಚಿಸಿ ನೋಡಿ, ಹೆಣ್ಣೊಬ್ಬಳು ಯಾರ ಕೈ ಹಿಡಿಯಬೇಕೆಂಬುದು ಸರ್ಕಾರಿ ಪತ್ರದಲ್ಲಿತ್ತು. 2017ರ ನವೆಂಬರಿನಲ್ಲಷ್ಟೇ ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿತು.

ನಿಮ್ಮ ಪತ್ರದ ಆರನೇ ಪುಟವನ್ನು ನಾನು ಒಪ್ಪುವುದಿಲ್ಲ. ಗಂಡ ಫೀಲ್ಡಿನಲ್ಲಿರುವಾಗ ಮನೆಯವರಿಗೆ ಕೊಡುವ ಬೆಂಗಳೂರಿನ ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸುಗಳಲ್ಲಿ ಕನ್ನಡದ ಕುಟುಂಬಗಳಿಗೆ ಮೊದಲ ಸರದಿ ಸಿಗಬೇಕೆಂದು ಬರೆದಿದ್ದೀರಿ. ಎಂಟು ತಿಂಗಳಿಂದ ಸರದಿಯಲ್ಲಿದ್ದು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಹೊರಗೆ ಮನೆ ಹಿಡಿದವರ ಸಂಕಟ ಅದು, ಅರ್ಥವಾಗುತ್ತದೆ. ಆದರೆ ನಿಮ್ಮದೇ ಪತ್ರದ ಎರಡನೇ ಪುಟದಲ್ಲಿ ಅಸ್ಸಾಮಿನ ಜೋರ್ಹಾಟಿನ ಸಂತೆಯಲ್ಲಿ ಭಾಷೆ ಬಾರದೆ ನಿಂತಾಗ ಮಣಿಪುರದ ಸೈನಿಕನ ಹೆಂಡತಿ ಕೈಹಿಡಿದು ಕರೆದುಕೊಂಡು ಹೋದಳೆಂದು ಬರೆದಿದ್ದೀರಲ್ಲ? ಈಗ ಬೆಂಗಳೂರಿನಲ್ಲಿರುವ ಮಣಿಪುರದ ಹೆಂಗಸಿಗೆ ಹಾಗೆ ಕೈಹಿಡಿಯಬೇಕಾದವರು ನೀವೇ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಇಲ್ಲಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗುವನ್ನು ಕಿಟಕಿಯಿಂದ ಒಳಗೆ ದಾಟಿಸುತ್ತಿದ್ದ ಒಬ್ಬ ತಾಯಿ ಇನ್ನೂ ಕಣ್ಣ ಮುಂದಿದ್ದಾಳೆ. ನಿಮ್ಮ ಮನವಿಯಿಂದ ಆ ಬೇಡಿಕೆಯನ್ನು ತೆಗೆದುಬಿಡಿ. ಸರದಿ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ ಎಂದು ಕೇಳಿ.

ಕುರ್ಚಿಯ ಬೇಡಿಕೆಗಿಂತ ಮೇಲೆ ಭಾಷೆಯ ಬೇಡಿಕೆಯನ್ನು ಬರೆಯಿರಿ. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಕಲಬುರಗಿಯ ಆ ಇಪ್ಪತ್ತರ ಹುಡುಗಿ ಎರಡು ಗಂಟೆ ಹಿಂದಿಯ ಮೀಟಿಂಗಿನಲ್ಲಿ ಕೂತು, ಚಪ್ಪಾಳೆ ತಟ್ಟಿ ಎದ್ದು ಬಂದಳು. ಮದುವೆಯನ್ನು ಪಾರ್ಟ್ ಟೂ ಆರ್ಡರಿನಲ್ಲಿ, ಅಂದರೆ ಗಂಡನ ಸೇವಾ ದಾಖಲೆಗೆ ಸೇರುವ ಆದೇಶದಲ್ಲಿ, ಬರೆಸಿಕೊಳ್ಳಬೇಕೆಂದು ಅವತ್ತೇ ಹೇಳಿದ್ದರು, ಅವಳಿಗೆ ಅರ್ಥವಾಗಲಿಲ್ಲ. ಆ ಆರ್ಡರ್ ಆಗುವ ತನಕ ಸೇನೆಯ ಲೆಕ್ಕದಲ್ಲಿ ಅವಳ ಮದುವೆಯೇ ಆಗಿಲ್ಲ. ಡಿಪೆಂಡೆಂಟ್ ಕಾರ್ಡ್ ಇಲ್ಲ. ಗರ್ಭಿಣಿ ಹುಡುಗಿ ಮಿಲಿಟರಿ ಆಸ್ಪತ್ರೆಯ ಗೇಟಿನಿಂದ ವಾಪಸ್ಸಾದಳು. ಮುಂದಿನ ಸಾಲು, ಹಿಂದಿನ ಸಾಲು ಎಂಬುದು ಮನಸ್ಸಿಗೆ ನೋವು ಕೊಡುತ್ತದೆ, ಒಪ್ಪಿದೆ. ಇದು ಹೊಟ್ಟೆಯಲ್ಲಿರುವ ಮಗುವಿನ ಪ್ರಶ್ನೆ. ಈ ಒಂದು ಸಂಗತಿಯನ್ನು ಹೆಸರಿಲ್ಲದೆ ಮನವಿಯ ಮೊದಲ ಪ್ಯಾರಾದಲ್ಲಿ ಬರೆದರೆ ಯಾವ ಅಧಿಕಾರಿಯೂ ಬದಿಗಿಡಲಾರರು ಎಂಬ ನಂಬಿಕೆ ನನಗಿದೆ. ಪ್ರತಿ ಮೀಟಿಂಗಿನ ಮುಖ್ಯ ವಿಷಯಗಳು ಒಂದು ಹಾಳೆಯಲ್ಲಿ ಕನ್ನಡ, ತಮಿಳು, ತೆಲುಗು, ಮಣಿಪುರಿಯಲ್ಲಿ ಸಿಗಲಿ. ಬರೆದುಕೊಡಲು ಅದೇ ಹಾಲ್‌ನಲ್ಲಿ ಓದಿದ ಹೆಣ್ಣುಮಕ್ಕಳಿದ್ದಾರೆ, ಖರ್ಚೂ ಇಲ್ಲ.

ಜನವರಿ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ನಿಮಗಾಗಿ ಎತ್ತಿಟ್ಟಿದ್ದೇನೆ. ನೀವು, ಉಳಿದ ಹದಿನೆಂಟು ಮಂದಿ, ಹಿಂದೆ ಸರಿದ ಹನ್ನೊಂದು ಮಂದಿ, ಯಾರು ಬೇಕಾದರೂ ಬರೆಯಬಹುದು. ಹೆಸರು ಬೇಡವೆಂದರೆ ಹಾಕುವುದಿಲ್ಲ. ಕನ್ನಡ ಬಾರದವರು ತಮ್ಮ ಭಾಷೆಯಲ್ಲೇ ಹೇಳಲಿ, ನಾವು ಕನ್ನಡಕ್ಕೆ ತರುತ್ತೇವೆ. ನಿಮ್ಮ ಪತ್ರದ ಕೊನೆಗೆ ಗಂಡನ ನಂಬರು, ರ‍್ಯಾಂಕು, ಹೆಸರು ಬರೆದು ‘ಇವರ ಪತ್ನಿ’ ಎಂದು ಸಹಿ ಹಾಕಿದ್ದೀರಿ. ನಿಮ್ಮ ಹೆಸರು ನನಗೆ ಲಕೋಟೆಯ ಹಿಂದೆ ಸಿಕ್ಕಿತು. ಮುಂದಿನ ಪತ್ರಕ್ಕೆ ಅದೊಂದೇ ಸಾಕು.

ಚಿಕ್ಕಮ್ಮನಿಗೆ ಈಗ ಎಂಬತ್ತೊಂದು, ನನ್ನ ಜೊತೆಗೇ ಇದ್ದಾಳೆ. ನಿಮ್ಮ ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಆ ಹುಡುಗಿಗೆ ಕಾರ್ಡ್ ಆತೇನಪಾ?’ ಎಂದು ಕೇಳಿದಳು. ನಿನ್ನೆ ಮತ್ತೆ ಕೇಳಿದಳು. ಆಗಿದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ.

ಸಂಪಾದಕ