ಸಮುದಾಯ ತೋಟದ ಸಣ್ಣ ಮಡಿಗಳಲ್ಲಿ ಹೊದಿಕೆ ಬೆಳೆ ಹಾಕಿದರೆ ಉಪಯೋಗ ಇದೆಯಾ?

ಹಲವರು ಹಂಚಿಕೊಂಡಿರುವ ತೋಟ, ಮಣ್ಣು ಗಟ್ಟಿಯಾಗಿದೆ, ನೀರು ಹಾಕಿದರೆ ಮೇಲೇ ನಿಲ್ಲುತ್ತದೆ ಅಂತ ಬರೆದಿದ್ದೀರಿ. ಇಂಥದ್ದೇ ತೋಟದಲ್ಲಿ ನನ್ನದೂ ಒಂದು ಮಡಿ ಇದೆ. ಹೊದಿಕೆ ಬೆಳೆ ಅಂದರೆ ತಿನ್ನೋಕಲ್ಲ, ಮಣ್ಣು ಸುಧಾರಿಸಲಿ ಅಂತ ಬೆಳೆಸಿ, ಕೊಯ್ದು ಅಲ್ಲೇ ಗೊಬ್ಬರವಾಗಿ ಬಿಡುವ ಬೆಳೆ. ಸಣ್ಣ ಜಾಗದಲ್ಲೂ ಅದರ ಉಪಯೋಗ ಖಂಡಿತ ಇದೆ. ಆದರೆ ಯಾವ ಬೀಜ ಅಂತ ಯೋಚಿಸುವ ಮೊದಲು ಯಾವಾಗ ಕೊಯ್ಯಬೇಕು, ಯಾರು ಕೊಯ್ಯಬೇಕು ಅಂತ ಮಾತಾಡಿಕೊಳ್ಳಿ. ಬಿತ್ತೋದಕ್ಕೆ ಎಲ್ಲರೂ ಬರುತ್ತಾರೆ, ಕುಡುಗೋಲು ಹಿಡಿಯೋಕೆ ಯಾರೂ ಇರೋದಿಲ್ಲ.

ಹೂ ಬಿಡಲು ಶುರುವಾದಾಗಲೇ ಕೊಯ್ಯಬೇಕು. ಸೆಣಬಾದರೆ (ಗೋಣಿಚೀಲದ ಸೆಣಬಲ್ಲ, ಹಸಿರು ಗೊಬ್ಬರಕ್ಕೆ ಹಾಕುವ ಸನ್‌ಹೆಂಪ್) ಸುಮಾರು 45–50 ದಿನ. ಆಗ ಕಾಂಡ ಎಳೆಯದು, ಬೇಗ ಕೊಳೆಯುತ್ತದೆ. ಬಿಟ್ಟರೆ ನಾರುಗಟ್ಟುತ್ತದೆ. ಅದನ್ನು ಮಣ್ಣಿಗೆ ಸೇರಿಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಮುಂದೆ ನೆಟ್ಟ ಸಸಿ ಹಳದಿಯಾಗಿ ಕೂರುತ್ತದೆ. ಬೀಜ ಉದುರಿದರಂತೂ ಪಕ್ಕದ ಮಡಿಯವರಿಗೆ ಅದೇ ಕಳೆ. ಜಗಳಕ್ಕೆ ಅಷ್ಟು ಸಾಕಲ್ವಾ!

ಇನ್ನೊಂದು ಮಾತು. ಅಲಸಂದೆ ಹಾಕಿದಾಗ ಯಾರಾದರೂ "ಕಾಯಿ ಕಿತ್ತುಕೊಂಡು ಆಮೇಲೆ ಕೊಯ್ಯೋಣ" ಅಂದೇ ಅನ್ನುತ್ತಾರೆ. ತಿನ್ನೋದು ತಪ್ಪಲ್ಲ. ಆದರೆ ಗಿಡ ಕೂಡಿಟ್ಟ ಸಾರಜನಕದ ದೊಡ್ಡ ಪಾಲು ಕಾಯಿಯ ಜೊತೆಗೇ ಹೋಗುತ್ತದೆ. ಅದು ತರಕಾರಿ ಬೆಳೆ ಆಯಿತೇ ಹೊರತು ಗೊಬ್ಬರ ಆಗಲಿಲ್ಲ.

ಸೆಣಬು, ಅಲಸಂದೆ ಸಾರಜನಕ ಕೂಡಿಡುತ್ತಿವೆಯಾ ಅಂತ ನೋಡಲು, ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಸುಮ್ನೆ ಎಳೆದರೆ ಬೇರಿನ ಮೇಲಿನ ಸಣ್ಣ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಬೇರಿನ ಬದಿಗೆ ಅಂಟಿಕೊಂಡ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು, ಗುಲಾಬಿ ಬಣ್ಣ ಇದ್ದರೆ ರೈಜೋಬಿಯಂ, ಅಂದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ, ಕೆಲಸ ಮಾಡುತ್ತಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಇಲ್ಲ. ಮುಂದಿನ ಸಲ ಬೀಜಕ್ಕೆ ಆ ಬೆಳೆಗೆ ಹೊಂದುವ ರೈಜೋಬಿಯಂ ಲೇಪಿಸಿ ಬಿತ್ತಿ. ಗಂಟು ಉಜ್ಜಿದರೂ ಕಳಚದೆ ಬೇರೇ ಊದಿಕೊಂಡಂತೆ ಕಂಡರೆ ಅದು ಬೇರಿಗೆ ಹತ್ತುವ ಮಣ್ಣಿನ ಜಂತುಹುಳುವಿನ (ನೆಮಟೋಡ್) ಕಾಟ. ಅಂಥ ಮಡಿಗೆ ಅಲಸಂದೆ ಬೇಡ, ಸೆಣಬು ವಾಸಿ.

ಆದರೆ ಸೆಣಬು ಆಳೆತ್ತರ ಬೆಳೆದು ಪಕ್ಕದ ಮಡಿಗೆ ನೆರಳು ಮಾಡುತ್ತದೆ. ಅದನ್ನು ಅಂಚಿನ ಮಡಿಗಳಿಗೆ ಇಟ್ಟುಕೊಳ್ಳಿ. ಎರಡು ತರಕಾರಿ ಬೆಳೆಗಳ ನಡುವೆ ತಿಂಗಳೊಪ್ಪತ್ತು ಮಾತ್ರ ಬಿಡುವಿದ್ದರೆ ಬಕ್‌ವೀಟ್ (ಬೇಗ ಬೆಳೆಯುವ ಒಂದು ಧಾನ್ಯದ ಗಿಡ) ಸಾಕು, ನಾಲ್ಕೈದು ವಾರದಲ್ಲಿ ಹೂ ಬಿಡುತ್ತದೆ. ಹಿಮ ಬೀಳುವ ಕಡೆಯಾದರೆ ಚಳಿಗೆ ಮುಂಚೆ ರೈ (ಗೋಧಿಯಂಥ ಧಾನ್ಯ) ಮತ್ತು ವೆಚ್ (ಬಳ್ಳಿಯಂಥ ದ್ವಿದಳ ಗಿಡ) ಬೆರೆಸಿ ಬಿತ್ತುವುದುಂಟು.

ಕೊಯ್ಯುವಾಗ ಬುಡದಲ್ಲಿ ಕತ್ತರಿಸಿ, ಬೇರು ಕೀಳಬೇಡಿ. ಬೇರು ಕೊಳೆತ ಜಾಗದಲ್ಲೇ ನೀರು ಇಳಿಯಲು ದಾರಿ ಆಗೋದು. ನಿಮ್ಮ ಗಟ್ಟಿ ಮಣ್ಣಿಗೆ ಸಾರಜನಕಕ್ಕಿಂತ ಜಾಸ್ತಿ ಬೇಕಿರೋದು ಇದೇ. ಸೊಪ್ಪನ್ನು ಕೊಚ್ಚಿ ಮಡಿಯ ಮೇಲೇ ಹರಡಿ, ಎರಡು ಮೂರು ವಾರ ಬಿಟ್ಟು ಸಸಿ ನೆಡಿ. ಸಣ್ಣ ಬೀಜ ಬಿತ್ತುವುದಿದ್ದರೆ ಸೊಪ್ಪು ಪಕ್ಕಕ್ಕೆ ಸರಿಸಿಕೊಳ್ಳಿ.

ಇಡೀ ತೋಟಕ್ಕೆ ಒಟ್ಟಿಗೆ ಹಾಕಬೇಡಿ, ಸದಸ್ಯರು ಒಪ್ಪೋದೂ ಇಲ್ಲ. ಈ ಸಲ ಕಾಲು ಭಾಗ, ಮುಂದಿನ ಸಲ ಇನ್ನೊಂದು ಕಾಲು ಭಾಗ ಹಾಕಿ. ಯಾರದಾದರೂ ಮಡಿ ಖಾಲಿ ಬಿದ್ದಿದ್ದರೆ ಅಲ್ಲಿಂದಲೇ ಶುರು ಮಾಡಿ.