ಪಾಸ್‌ವರ್ಡ್ ಯಾರ ಹತ್ತಿರ ಇದೆ?

ಪ್ರಶ್ನೆ: ಮೇಡಂ, ನಾವು ಐದು ಜನ ಸೇರಿ ನಮ್ಮ ವಿಶ್ವವಿದ್ಯಾಲಯದ ಸುದ್ದಿಗೆಂದೇ ಒಂದು ವೆಬ್‌ಸೈಟ್ ನಡೆಸುತ್ತಿದ್ದೇವೆ. ಶುರುವಾಗಿ ಎಂಟು ತಿಂಗಳಾಯಿತು. ಈಗ ಆಡಳಿತದವರು ಕರೆದು, ಉಚಿತ ಸರ್ವರ್, ಒಂದು ಕೋಣೆ, ವರ್ಷಕ್ಕೆ ಇಂತಿಷ್ಟು ದುಡ್ಡು ಕೊಡುತ್ತೇವೆ ಎಂದಿದ್ದಾರೆ. ಬದಲಿಗೆ ಸುದ್ದಿ ಹಾಕುವ ಮುಂಚೆ "ಸುಮ್ನೆ ಒಂದ್ಸಲ ತೋರಿಸಿ" ಅಷ್ಟೇ ಅಂತೆ. ಒಪ್ಪಿಕೊಳ್ಳೋಣವಾ?
— ಎಂ.ಎ. ವಿದ್ಯಾರ್ಥಿನಿ

ಉತ್ತರ: ಕೋಣೆ ಬೇಕಾದರೆ ತಗೊಳ್ಳಿ. ನಾಳೆ ಅದನ್ನು ವಾಪಸ್ ಕೇಳಿದರೆ ಮೆಟ್ಟಿಲ ಮೇಲೆ ಕೂತು ಬರೆಯಬಹುದು. ಸರ್ವರ್ ವಾಪಸ್ ಕೇಳಿದರೆ ಎಂಟು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮಾಯ.

ಇನ್ನು ಆ "ಸುಮ್ನೆ ಒಂದ್ಸಲ". ಇದು ಹೇಗೆ ನಡೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲ ತಿಂಗಳು ಕಾಗುಣಿತ ತಿದ್ದಿ ಕಳಿಸುತ್ತಾರೆ, ನಿಮಗೂ ಖುಷಿಯಾಗುತ್ತದೆ. ಎರಡನೇ ತಿಂಗಳು "ಈ ಪದ ಸ್ವಲ್ಪ ಖಾರ ಆಯ್ತಲ್ವಾ" ಅನ್ನುತ್ತಾರೆ. ಆಮೇಲೆ ಒಂದು ಸುದ್ದಿ ಯಾರದೋ ಮೇಜಿನ ಮೇಲೆ ಕೂರುತ್ತದೆ. ಅವರು ರಜೆಯಲ್ಲಿರುತ್ತಾರೆ. ಬೇಡ ಅಂತ ಯಾರೂ ಹೇಳಿರುವುದಿಲ್ಲ. ಸುದ್ದಿ ಮಾತ್ರ ಹಳಸಿರುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಪತ್ರಿಕೆ 'ಸ್ಟ್ಯಾನ್‌ಫರ್ಡ್ ಡೈಲಿ' 1973ರಲ್ಲೇ ವಿಶ್ವವಿದ್ಯಾಲಯದಿಂದ ಬೇರೆಯಾಗಿ ತನ್ನದೇ ಸಂಸ್ಥೆ ಮಾಡಿಕೊಂಡಿತು. 2022ರ ನವೆಂಬರ್‌ನಲ್ಲಿ ಥಿಯೋ ಬೇಕರ್ ಎಂಬ ಮೊದಲ ವರ್ಷದ ಹುಡುಗ ಅದರಲ್ಲಿ ಒಂದು ವರದಿ ಬರೆದ. ವಿಶ್ವವಿದ್ಯಾಲಯದ ಅಧ್ಯಕ್ಷರೇ ಸಹಲೇಖಕರಾಗಿದ್ದ ಸಂಶೋಧನಾ ಪ್ರಬಂಧಗಳ ಚಿತ್ರಗಳನ್ನು ತಿದ್ದಿರುವ ಅನುಮಾನ ಇದೆ ಅಂತ. ತನಿಖೆ ನಡೆಯಿತು. ಅಧ್ಯಕ್ಷರು ಸ್ವತಃ ಅಕ್ರಮ ಎಸಗಿದ್ದರು ಎಂದು ತನಿಖೆ ಹೇಳಲಿಲ್ಲ. ಆದರೆ ಪ್ರಬಂಧಗಳಲ್ಲಿ ಗಂಭೀರ ದೋಷ ಸಿಕ್ಕಿತು. 2023ರ ಜುಲೈನಲ್ಲಿ ಅವರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಆ ವರದಿಯನ್ನು ಅಧ್ಯಕ್ಷರ ಕಚೇರಿಗೆ "ಸುಮ್ನೆ ಒಂದ್ಸಲ" ತೋರಿಸಿ ಒಪ್ಪಿಗೆಗೆ ಕಾಯಬೇಕಿತ್ತು ಅಂದುಕೊಳ್ಳಿ!

ಹಾಗಂತ ಅವರನ್ನು ಮಾತೇ ಆಡಿಸಬೇಡಿ ಅಂತಲ್ಲ. ಬರೆದ ಸುದ್ದಿ ತೋರಿಸಬೇಡಿ, ಪ್ರಶ್ನೆ ಕಳಿಸಿ. ಬರವಣಿಗೆಯಲ್ಲಿ, ಇಷ್ಟು ಗಂಟೆಯೊಳಗೆ ಉತ್ತರ ಬೇಕು ಅಂತ ಸ್ಪಷ್ಟವಾಗಿ. ನಮ್ಮ ಕಾಲದ ವಿದ್ಯಾರ್ಥಿ ಸೈಟಿಗೆ ನಾನು ಸಂಪಾದಕಿಯಾಗಿದ್ದ ಮೊದಲ ವರ್ಷ ಹಾಸ್ಟೆಲ್ ಶುಲ್ಕದ ಸುದ್ದಿ ಹಾಕಿದೆವು. ಕೊನೆಯಲ್ಲಿ "ಅಧಿಕಾರಿ ಪ್ರತಿಕ್ರಿಯೆಗೆ ಸಿಗಲಿಲ್ಲ" ಅಂತ ಗತ್ತಿನಿಂದ ಬರೆದೆವು. ಮರುದಿನ ಅವರು ನನ್ನನ್ನು ಕರೆಸಿದರು. ಬೈಯಲಿಲ್ಲ. ತಮ್ಮ ಮೇಜಿನ ಫೋನಿನ ಮಿಸ್ಡ್ ಕಾಲ್ ಪಟ್ಟಿ ತೋರಿಸಿದರು. ನಮ್ಮ ನಂಬರು ಇದ್ದದ್ದು ಒಂದೇ ಸಲ, ಸಂಜೆ 7 ಗಂಟೆ 4 ನಿಮಿಷಕ್ಕೆ. ಕಚೇರಿ ಮುಚ್ಚುತ್ತಿದ್ದದ್ದು ಐದಕ್ಕೆ. ಸುದ್ದಿಯ ಅಂಕಿ ಒಂದೂ ತಪ್ಪಿರಲಿಲ್ಲ. ಆದರೂ ಆ ಸಾಲಿಗೆ ತಿದ್ದುಪಡಿ ಹಾಕುವಾಗ ನನ್ನ ಕಿವಿ ಬಿಸಿಯಾಗಿತ್ತು.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ನಮ್ಮ ಸೈಟನ್ನು ಮುಳುಗಿಸಿದ್ದು ಆಡಳಿತ ಅಲ್ಲ, ನಾವೇ. ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಒಬ್ಬ ಸೀನಿಯರ್‌ನ ಸ್ವಂತ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ಅವನು ಓದು ಮುಗಿಸಿ ಕೆಲಸಕ್ಕೆ ಹೋದ, ಆ ಇಮೇಲ್ ನೋಡುವುದನ್ನೇ ಬಿಟ್ಟ. ನವೀಕರಿಸಿ ಎಂಬ ಎಚ್ಚರಿಕೆಗಳೆಲ್ಲ ಅಲ್ಲೇ ಬಿದ್ದಿದ್ದವು. ಡಾಟ್ ಕಾಮ್ ಹೆಸರು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಲು ಅವಕಾಶ ಇರುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಆ ಗಡುವೂ ಮುಗಿದಿತ್ತು. ಮೂರು ವರ್ಷದ ಸುದ್ದಿ ಇದ್ದ ವಿಳಾಸದಲ್ಲಿ ಈಗ ಯಾರೋ ಜೂಜಿನ ಜಾಹೀರಾತು ಹಾಕಿದ್ದಾರೆ.

ಹಾಗಾಗಿ ಇವತ್ತೇ ನೋಡಿ: ಡೊಮೇನ್ ಯಾರ ಹೆಸರಲ್ಲಿದೆ, ಹೋಸ್ಟಿಂಗ್ ಬಿಲ್ (ಸೈಟು ಇಟ್ಟಿರುವ ಸರ್ವರ್‌ನ ಬಾಡಿಗೆ) ಯಾರ ಕಾರ್ಡಿನಿಂದ ಹೋಗುತ್ತಿದೆ, ಪಾಸ್‌ವರ್ಡ್ ಎಷ್ಟು ಜನರ ಹತ್ತಿರ ಇದೆ. ಎಲ್ಲವನ್ನೂ ಸಂಪಾದಕರ ಹುದ್ದೆಯ ಒಂದು ಇಮೇಲ್‌ಗೆ ಸೇರಿಸಿ. ಅದೂ ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ಆಗಿರಬಾರದು. ಸೈಟಿನ ಪೂರ್ತಿ ಪ್ರತಿ ತಿಂಗಳಿಗೊಮ್ಮೆ ಬೇರೆ ಕಡೆ ಇಳಿಸಿಕೊಳ್ಳಿ. ಹೊಸ ಸಂಪಾದಕರನ್ನು ಕೊನೆಯ ಪರೀಕ್ಷೆಗೆ ನಾಲ್ಕು ತಿಂಗಳು ಮುಂಚೆಯೇ ಆರಿಸಿ, ಅವರು ಪಕ್ಕದಲ್ಲಿ ಕೂತು ಕಲಿಯಲಿ. ಬೀಳ್ಕೊಡುಗೆ ದಿನ ಕೀಲಿ ಕೊಟ್ಟರೆ ಪ್ರಯೋಜನ ಇಲ್ಲ.

ಸೈಟಿನ ಹೆಸರಲ್ಲಿ ವಿಶ್ವವಿದ್ಯಾಲಯದ ಹೆಸರೋ ಲಾಂಛನವೋ ಇದ್ದರೆ ಅದನ್ನೂ ಯೋಚಿಸಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ಡೈಲಿ ಕ್ಯಾಲಿಫೋರ್ನಿಯನ್' 1971ರಲ್ಲಿ ಸ್ವತಂತ್ರವಾಯಿತು. ಅದಕ್ಕೆ ಕಾರಣ ಒಂದು ಸಂಪಾದಕೀಯ ಮತ್ತು ಸಂಪಾದಕರನ್ನು ಕಿತ್ತುಹಾಕಿದ ಜಗಳ. ಸ್ವತಂತ್ರವಾದ ಮೇಲೂ ಆ ಹೆಸರು ಬಳಸಲು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಪ್ರಶ್ನೆ: ಕ್ಲಾಸಿನ ವಾಟ್ಸಾಪ್ ಗುಂಪಿನ ಸ್ಕ್ರೀನ್‌ಶಾಟ್ ಸಿಕ್ಕಿದೆ. ಸುದ್ದಿ ಮಾಡಬಹುದಾ?
— ಮೊದಲ ವರ್ಷದ ವರದಿಗಾರ

ಉತ್ತರ: ಸುಳಿವು ಸಿಕ್ಕಿದೆ, ಅಷ್ಟೇ. ಅದರಲ್ಲಿ ಮಾತಾಡಿದವರಿಗೆ ಮೊದಲು ಫೋನ್ ಮಾಡಿ. ಸಂಜೆ ಏಳಕ್ಕೆ ಬೇಡ.

ಪ್ರಶ್ನೆ: ಆರು ವರ್ಷದ ಹಿಂದೆ ಪರೀಕ್ಷೆಯಲ್ಲಿ ನಕಲು ಮಾಡಿದ ಆರೋಪದ ಬಗ್ಗೆ ನಮ್ಮ ಸೈಟಿನಲ್ಲಿ ಸುದ್ದಿ ಬಂದಿತ್ತು. ಅದರಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಈಗ, "ಕೆಲಸ ಸಿಗುತ್ತಿಲ್ಲ, ದಯವಿಟ್ಟು ಅಳಿಸಿ" ಎಂದು ಬರೆದಿದ್ದಾರೆ. ಏನು ಮಾಡಲಿ?
— ಹೊಸ ಸಂಪಾದಕ

ಉತ್ತರ: ಸದ್ದಿಲ್ಲದೆ ಅಳಿಸಬೇಡಿ. ಆದರೆ "ನಮ್ಮ ನಿಯಮ" ಅಂತ ಒಂದೇ ಸಾಲಿನ ಉತ್ತರವನ್ನೂ ಬಿಸಾಕಬೇಡಿ. ಮೊದಲು ಆ ಆರೋಪ ಕೊನೆಗೆ ಏನಾಯಿತು ಅಂತ ವಿಚಾರಿಸಿ. ನನ್ನ ಅನುಭವದಲ್ಲಿ ವಿದ್ಯಾರ್ಥಿ ಸೈಟುಗಳು ಆರೋಪ ಬಂದಾಗ ದೊಡ್ಡದಾಗಿ ಬರೆಯುತ್ತವೆ. ತೀರ್ಮಾನ ಬರುವಷ್ಟರಲ್ಲಿ ರಜೆ ಶುರುವಾಗಿರುತ್ತದೆ. ಅವರು ತಪ್ಪಿಲ್ಲ ಅಂತ ಸಾಬೀತಾಗಿದ್ದರೆ ಸುದ್ದಿಯ ತಲೆಯ ಮೇಲೇ ದಿನಾಂಕ ಹಾಕಿ ಅದನ್ನು ಬರೆಯಿರಿ. ಅದು ನಿಮ್ಮ ಹಳೆಯ ಬಾಕಿ.

ಅಳಿಸುವುದಕ್ಕೂ ಹಾಗೇ ಬಿಡುವುದಕ್ಕೂ ನಡುವೆ ಇನ್ನೊಂದು ದಾರಿ ಇದೆ. 2014ರಲ್ಲಿ ಯುರೋಪಿಯನ್ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ಸ್ಪೇನಿನ ಒಬ್ಬರ ದೂರು ಕೇಳಿತು. ತಮ್ಮ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಪತ್ರಿಕೆಯೊಂದರ 1998ರ ಸಾಲದ ಪ್ರಕಟಣೆ ಬರುತ್ತದೆ ಅಂತ ದೂರು. ಇಂಥ ಕೊಂಡಿಯನ್ನು ಹುಡುಕಾಟದಿಂದ ತೆಗೆಯಿರಿ ಎಂದು ಗೂಗಲ್‌ಗೆ ಕೇಳುವ ಹಕ್ಕಿದೆ ಎಂದಿತು. ಪತ್ರಿಕೆಯ ಪುಟ ಪತ್ರಿಕೆಯಲ್ಲೇ ಉಳಿಯಿತು. ನೀವೂ ಆ ಒಂದು ಪುಟವನ್ನು ಗೂಗಲ್ ಪಟ್ಟಿ ಮಾಡದ ಹಾಗೆ ಸೆಟ್ ಮಾಡಬಹುದು, ಒಂದು ಸಾಲಿನ ಕೋಡ್ ಸಾಕು. ಯಾವ ದಿನ, ಯಾಕೆ ಮಾಡಿದಿರಿ ಅಂತ ಒಂದು ವಹಿಯಲ್ಲಿ ಬರೆದಿಡಿ. ಮುಂದಿನ ಪತ್ರ ಪ್ರಭಾವಿಯೊಬ್ಬರ ಮಗನಿಂದ ಬರಬಹುದು. ಆಗ ಆ ಕುರ್ಚಿಯಲ್ಲಿ ನೀವಿರುವುದಿಲ್ಲ, ಆ ವಹಿ ಇರುತ್ತದೆ.